ಎಡಿಎಚ್‌ಡಿ ಇರುವ ಮಗನಿಗೆ ರಾತ್ರಿ ಹನ್ನೊಂದೂವರೆಯವರೆಗೂ ನಿದ್ದೆ ಬರುವುದಿಲ್ಲ: ಕಾರಣ ಮಾತ್ರೆಯೋ, ಬೇರೇನಾದರೂ ಇದೆಯೋ?

ಪ್ರಶ್ನೆ
ಹೊಂಗೆನೆರಳು, ತುಮಕೂರು

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಈಗ ಒಂಬತ್ತು ವರ್ಷ. ನಾಲ್ಕನೆಯ ತರಗತಿಯಲ್ಲಿ ಓದುತ್ತಿದ್ದಾನೆ. ಕಳೆದ ವರ್ಷ ಬೆಂಗಳೂರಿನಲ್ಲಿ ಮಕ್ಕಳ ಮನೋವೈದ್ಯರೊಬ್ಬರು ಅವನನ್ನು ಹಲವು ಬಾರಿ ನೋಡಿ, ಶಾಲೆಯ ಶಿಕ್ಷಕಿಯಿಂದಲೂ ಪ್ರಶ್ನಾವಳಿ ತುಂಬಿಸಿಕೊಂಡು, ಎಡಿಎಚ್‌ಡಿ (ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ) ಇದೆಯೆಂದು ತಿಳಿಸಿದರು. ಅಂದಿನಿಂದ ಮೀಥೈಲ್‌ಫೆನಿಡೇಟ್ ಮಾತ್ರೆ ಕೊಡುತ್ತಿದ್ದೇವೆ. ಬೆಳಿಗ್ಗೆ ತಿಂಡಿಯಾದ ಮೇಲೆ ಒಂದು, ಟ್ಯೂಷನ್‌ಗೆ ಹೋಗುವ ಮುನ್ನ ಸಂಜೆ 4:30ರ ಸುಮಾರಿಗೆ ಇನ್ನೊಂದು. ತರಗತಿಯಲ್ಲಿ ಕುಳಿತು ಬರೆಯುವುದು, ಹೇಳಿದ ಮಾತನ್ನು ಕೊನೆಯವರೆಗೆ ಕೇಳಿಸಿಕೊಳ್ಳುವುದು ಸಾಕಷ್ಟು ಸುಧಾರಿಸಿದೆ. ರಾತ್ರಿಯ ಸಮಸ್ಯೆ ಮಾತ್ರ ಎಳ್ಳಷ್ಟೂ ಕಡಿಮೆಯಾಗಿಲ್ಲ.

9:30ಕ್ಕೆ ದೀಪ ಆರಿಸಿ ಮಲಗಿಸುತ್ತೇವೆ. ಹತ್ತು ನಿಮಿಷಕ್ಕೆ ನೀರು ಬೇಕೆನ್ನುತ್ತಾನೆ, ಆಮೇಲೆ ಬಚ್ಚಲುಮನೆಗೆ ಹೋಗಬೇಕೆನ್ನುತ್ತಾನೆ, ಆಮೇಲೆ ಹೊದಿಕೆಯನ್ನು ಕಾಲಿನಿಂದ ಒದ್ದು ಕೆಳಗೆ ಬೀಳಿಸಿ ತಲೆದಿಂಬನ್ನು ಕಾಲ ಕಡೆಗೆ ಹಾಕಿಕೊಂಡು ಮಲಗುತ್ತಾನೆ. ನಿದ್ದೆ ಹತ್ತಿತೇನೋ ಎಂದು ನಾನು ಮೆಲ್ಲಗೆ ಏಳುವ ಹೊತ್ತಿಗೆ, 'ಅಮ್ಮಾ, ಫ್ಯಾನು ನಿಂತಾಗ ಅದರ ರೆಕ್ಕೆ ಯಾಕೆ ದಿನಾ ಬೇರೆ ಬೇರೆ ಕಡೆ ಇರುತ್ತೆ?' ಎಂದು ಕೇಳುತ್ತಾನೆ. ಅಳುವುದಿಲ್ಲ, ರಂಪ ಮಾಡುವುದಿಲ್ಲ. ನಿಜವಾಗಿಯೂ ಅವನಿಗೆ ನಿದ್ದೆ ಬಂದಿರುವುದಿಲ್ಲ. ಕಣ್ಣು ಮುಚ್ಚುವಾಗ ಹನ್ನೊಂದೂವರೆ, ಕೆಲವು ದಿನ ಹನ್ನೆರಡು. ಬೆಳಿಗ್ಗೆ 7:10ಕ್ಕೆ ಶಾಲೆಯ ವ್ಯಾನ್ ಬರುವುದರಿಂದ ಆರೂಕಾಲಿಗೆ ಎಬ್ಬಿಸಲೇಬೇಕು. ಆ ಹೊತ್ತಿನಲ್ಲಿ ಅವನನ್ನು ಕೂರಿಸಿದರೆ ಕುಳಿತಲ್ಲೇ ಒರಗುತ್ತಾನೆ. ಇಡ್ಲಿಯ ತುತ್ತು ಬಾಯಲ್ಲೇ ಇರುತ್ತದೆ, ಷೂ ನಾನೇ ಹಾಕಬೇಕು.

ಅತ್ತೆಯವರು ಇದನ್ನು ಹಠವೆನ್ನುತ್ತಾರೆ. ನನ್ನ ಯಜಮಾನರು ಮಾತ್ರೆಯಿಂದಲೇ ನಿದ್ದೆ ಕೆಟ್ಟಿದೆ, ನಿಲ್ಲಿಸೋಣ ಎನ್ನುತ್ತಾರೆ. ಸಂಬಂಧಿಕರೊಬ್ಬರು ಮೆಲಟೋನಿನ್ ಎಂಬ ಮಾತ್ರೆ ಔಷಧದಂಗಡಿಯಲ್ಲಿ ಸಿಗುತ್ತದೆ, ಕೊಟ್ಟು ನೋಡಿ ಎಂದಿದ್ದಾರೆ. ಮುಂದಿನ ಭೇಟಿಗೆ ಇನ್ನೂ ಒಂದೂವರೆ ತಿಂಗಳಿದೆ. ಅಷ್ಟರೊಳಗೆ ವೈದ್ಯರಿಗೆ ಏನು ಹೇಳಬೇಕು, ಮನೆಯಲ್ಲಿ ಏನನ್ನು ಗಮನಿಸಬೇಕು ಎಂಬುದಾದರೂ ಸ್ಪಷ್ಟವಾದರೆ ನನಗೆ ದೊಡ್ಡ ಸಹಾಯವಾಗುತ್ತದೆ. ಎಡಿಎಚ್‌ಡಿಗೂ ನಿದ್ದೆಗೂ ಸಂಬಂಧವಿದೆಯೇ? ನಿದ್ದೆ ಸರಿಹೋದರೆ ಎಡಿಎಚ್‌ಡಿಯೂ ಕಡಿಮೆಯಾಗುತ್ತದೆಯೇ? ದಯವಿಟ್ಟು ತಿಳಿದವರು ಬರೆಯಿರಿ.

ಉತ್ತರ 1
ಮಕ್ಕಳ ವೈದ್ಯ, ದಾವಣಗೆರೆ

ಮೇಡಂ, ನಿಮ್ಮ ಬರವಣಿಗೆಯಲ್ಲಿ ವೈದ್ಯರಿಗೆ ಬೇಕಾದ ವಿವರಗಳು ಬಹುಪಾಲು ಇವೆ. ಒಂದು ಮುಖ್ಯ ಸಂಗತಿಯನ್ನು ಮಾತ್ರ ನೀವು ಹೇಳಿಲ್ಲ: ಮಾತ್ರೆ ಶುರುವಾಗುವ ಮೊದಲು, ಅಂದರೆ ಅವನಿಗೆ ನಾಲ್ಕೈದು ವರ್ಷವಿದ್ದಾಗ, ಅವನು ಎಷ್ಟು ಗಂಟೆಗೆ ಮಲಗುತ್ತಿದ್ದ? ಆಗಲೂ ಇದೇ ಕಥೆಯಾಗಿದ್ದರೆ ಎಲ್ಲ ಹೊಣೆಯನ್ನೂ ಮಾತ್ರೆಯ ಮೇಲೆ ಹಾಕುವಂತಿಲ್ಲ. ಮಾತ್ರೆ ಆರಂಭವಾದ ವಾರದಿಂದ ಅಥವಾ ಡೋಸ್ ಬದಲಾದ ವಾರದಿಂದ ಕೆಟ್ಟಿದ್ದರೆ ಮಾತ್ರೆಯನ್ನು ಮೊದಲು ನೋಡಬೇಕು. ನನ್ನಲ್ಲಿಗೆ ಬರುವ ತಂದೆತಾಯಿಗಳಿಗೆ ನಾನು ಕೇಳುವ ಮೊದಲ ಪ್ರಶ್ನೆಯೇ ಇದು.

ಎಡಿಎಚ್‌ಡಿಗೂ ನಿದ್ದೆಗೂ ಸಂಬಂಧ ಖಂಡಿತ ಇದೆ, ಅದು ಹಳೆಯ ತಿಳಿವಳಿಕೆ. 1980ರಲ್ಲಿ ಬಂದ ಅಮೆರಿಕದ ಮನೋರೋಗ ಕೈಪಿಡಿಯ ಮೂರನೆಯ ಆವೃತ್ತಿಯಲ್ಲಿ, ನಿದ್ದೆಯಲ್ಲಿ ಅತಿಯಾಗಿ ಹೊರಳಾಡುವುದನ್ನು ಅತಿಚಟುವಟಿಕೆಯ ಲಕ್ಷಣಗಳಲ್ಲಿ ಒಂದೆಂದು ಸೇರಿಸಿದ್ದರು. ನಂತರದ ಆವೃತ್ತಿಯಲ್ಲಿ ಅದನ್ನು ಕೈಬಿಟ್ಟರು. ಪಟ್ಟಿಯಿಂದ ಹೋದರೂ ಸಮಸ್ಯೆ ಹೋಗಲಿಲ್ಲ. ಆಸ್ಟ್ರೇಲಿಯಾದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಎಡಿಎಚ್‌ಡಿ ಇರುವ ಮಕ್ಕಳ ಪೋಷಕರಲ್ಲಿ ಸುಮಾರು 73 ಶೇಕಡಾ ಜನ ಮಗುವಿಗೆ ಒಂದಲ್ಲ ಒಂದು ಬಗೆಯ ನಿದ್ದೆಯ ತೊಂದರೆ ಇದೆಯೆಂದರು, ಸುಮಾರು 45 ಶೇಕಡಾ ಜನ ಅದು ಮಧ್ಯಮ ಅಥವಾ ತೀವ್ರ ಮಟ್ಟದ್ದೆಂದರು. ಆದ್ದರಿಂದ ಇದು ನಿಮ್ಮ ಮನೆಯೊಂದರ ಕಷ್ಟವಲ್ಲ, ಹಠವಂತೂ ಅಲ್ಲ. ಇದನ್ನು ಅತ್ತೆಯವರಿಗೂ ದಯವಿಟ್ಟು ಓದಿ ಹೇಳಿ.

ಆದರೆ 'ನಿದ್ದೆ ಬರುವುದಿಲ್ಲ' ಎಂಬ ಒಂದೇ ದೂರಿನ ಹಿಂದೆ ಬೇರೆ ಬೇರೆ ಕಾರಣಗಳಿರುತ್ತವೆ ಮತ್ತು ಒಂದಕ್ಕೆ ಮಾಡುವ ಚಿಕಿತ್ಸೆ ಇನ್ನೊಂದಕ್ಕೆ ನಾಟುವುದಿಲ್ಲ. ನಾನು ಒತ್ತಿ ಹೇಳಬೇಕಾದ ಮಾತು ಇದೊಂದೇ. ಯಾವ ಬಗೆಯ ತೊಂದರೆ ಎಂಬುದನ್ನು ತಿಳಿಯದೆ ಮಾತ್ರೆ ನಿಲ್ಲಿಸುವುದಾಗಲಿ, ಹೊಸ ಮಾತ್ರೆ ಸೇರಿಸುವುದಾಗಲಿ ಕತ್ತಲೆಯಲ್ಲಿ ಕೈಯಾಡಿಸಿದಂತೆ.

ಮೊದಲನೆಯದು ದೇಹದ ಗಡಿಯಾರವೇ ಹಿಂದಿರುವುದು. ನಮಗೆ ನಿದ್ದೆ ಬರಲು ಎರಡು ಸಂಗತಿಗಳು ಕೂಡಿ ಬರಬೇಕೆಂದು ನಿದ್ದೆಯ ಸಂಶೋಧಕ ಅಲೆಕ್ಸಾಂಡರ್ ಬೋರ್ಬೆಲಿ 1982ರಲ್ಲಿ ವಿವರಿಸಿದರು. ಎಚ್ಚರವಾಗಿದ್ದಷ್ಟೂ ಏರುತ್ತಾ ಹೋಗುವ ನಿದ್ದೆಯ ಒತ್ತಡ ಒಂದು. ಹಗಲು ರಾತ್ರಿಗಳಿಗೆ ಹೊಂದಿಕೊಂಡು ಮಿದುಳಿನೊಳಗೆ ನಡೆಯುವ ಗಡಿಯಾರ ಇನ್ನೊಂದು. ಸಂಜೆ ಕತ್ತಲಾದಂತೆ ಮಿದುಳಿನಲ್ಲಿ ಮೆಲಟೋನಿನ್ ಎಂಬ ಹಾರ್ಮೋನು ಏರತೊಡಗುವುದು ಈ ಗಡಿಯಾರದ ಸೂಚನೆ. ನಿದ್ದೆ ಹತ್ತಲು ಕಷ್ಟಪಡುವ ಎಡಿಎಚ್‌ಡಿ ಮಕ್ಕಳಲ್ಲಿ ಈ ಏರಿಕೆ, ಅಂತಹ ಕಷ್ಟವಿಲ್ಲದ ಎಡಿಎಚ್‌ಡಿ ಮಕ್ಕಳಿಗಿಂತ ಸುಮಾರು ಮುಕ್ಕಾಲು ಗಂಟೆ ತಡವಾಗಿ ಆರಂಭವಾಗುತ್ತದೆಂದು ನೆದರ್‌ಲ್ಯಾಂಡ್ಸ್‌ನಲ್ಲಿ ನಡೆದ, 2005ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅಂತಹ ಮಗುವನ್ನು 9:30ಕ್ಕೆ ಮಲಗಿಸಿದರೆ ಅದರ ಮಿದುಳಿಗೆ ಇನ್ನೂ ಸಂಜೆ. ಹಾಸಿಗೆಯಲ್ಲಿ ಎರಡು ಗಂಟೆ ಸುಮ್ಮನೆ ಬಿದ್ದಿರುವುದು ದೊಡ್ಡವರಿಗೇ ಕಷ್ಟ. ಈ ಮಕ್ಕಳಿಗೆ ಅದು ಶಿಕ್ಷೆ. ಗೊತ್ತುಮಾಡುವ ದಾರಿ ಸುಲಭವಾಗಿದೆ. ದಸರಾ ರಜೆಯಲ್ಲೋ ಬೇಸಿಗೆ ರಜೆಯಲ್ಲೋ ಎಬ್ಬಿಸದೆ ಬಿಟ್ಟಾಗ ಅವನು ಹನ್ನೊಂದೂವರೆಯಿಂದ ಎಂಟೂವರೆಯವರೆಗೆ ಅಲ್ಲಾಡದೆ ಮಲಗಿ, ಎದ್ದ ಮೇಲೆ ಗೆಲುವಾಗಿರುತ್ತಾನೆಯೇ? ಹಾಗಿದ್ದರೆ ನಿದ್ದೆಯ ಗುಣ ಚೆನ್ನಾಗಿದೆ, ಹೊತ್ತು ಮಾತ್ರ ಜಾರಿದೆ. ಒಂಬತ್ತು ಗಂಟೆ ಮಲಗಿದ ಮೇಲೂ ಮಂಕಾಗಿದ್ದರೆ ಅಥವಾ ರಾತ್ರಿಯಿಡೀ ಹೊರಳಾಡುತ್ತಿದ್ದರೆ ಬೇರೆ ಕಾರಣ ಹುಡುಕಬೇಕು.

ಎರಡನೆಯದು ಉಸಿರು. ಗೊರಕೆ ಹೊಡೆಯುವ ಮಗುವಿಗೆ ಗಾಢ ನಿದ್ದೆ ಬಂದಿದೆಯೆಂದು ನಮ್ಮ ಮನೆಗಳಲ್ಲಿ ಸಮಾಧಾನಪಡುತ್ತಾರೆ. ವಾರದಲ್ಲಿ ಮೂರಕ್ಕಿಂತ ಹೆಚ್ಚು ರಾತ್ರಿ ಗೊರಕೆ, ಬಾಯಿ ತೆರೆದು ಉಸಿರಾಡುವುದು, ಕತ್ತನ್ನು ಹಿಂದಕ್ಕೆ ಚಾಚಿ ಮಲಗುವುದು, ನಿದ್ದೆಯಲ್ಲಿ ಬೆವರುವುದು, ನಿಂತಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾಗುವುದು, ಇವು ಟಾನ್ಸಿಲ್ ಅಥವಾ ಅಡಿನಾಯ್ಡ್ (ಮೂಗಿನ ಹಿಂಭಾಗದಲ್ಲಿರುವ ಗ್ರಂಥಿ) ದೊಡ್ಡದಾಗಿ ಉಸಿರಿಗೆ ತಡೆಯಾಗುತ್ತಿರುವ ಸೂಚನೆಗಳು. ದೊಡ್ಡವರಿಗೆ ನಿದ್ದೆಗೆಟ್ಟರೆ ತೂಕಡಿಕೆ ಬರುತ್ತದೆ. ಮಕ್ಕಳಲ್ಲಿ ಅದು ಅನೇಕ ವೇಳೆ ಚಡಪಡಿಕೆಯಾಗಿ, ಸಿಡುಕಾಗಿ, ಗಮನವಿಲ್ಲದಿರುವುದಾಗಿ ಹೊರಬರುತ್ತದೆ. ಎಡಿಎಚ್‌ಡಿಯಿಂದ ಇದನ್ನು ಬೇರ್ಪಡಿಸುವುದು ಕಷ್ಟ. ಎರಡೂ ಒಟ್ಟಿಗೆ ಇರುವುದೂ ಉಂಟು. ಕೆನಡಾದಲ್ಲಿ ಯಾವ ತೊಂದರೆಯೂ ಇಲ್ಲದ 7ರಿಂದ 11 ವರ್ಷದ ಮಕ್ಕಳ ನಿದ್ದೆಯನ್ನು ಐದು ರಾತ್ರಿ ಸುಮಾರು ಒಂದು ಗಂಟೆ ಕಡಿಮೆ ಮಾಡಿದಾಗ, ಅದು ತಿಳಿಯದ ಶಿಕ್ಷಕರೇ ಆ ಮಕ್ಕಳ ಸಿಡುಕು ಮತ್ತು ಚಂಚಲತೆ ಹೆಚ್ಚಿದ್ದನ್ನು ಗುರುತಿಸಿದರು. ಅರ್ಧ ಗಂಟೆಯಷ್ಟು ಹೆಚ್ಚು ಮಲಗಿದ ಮಕ್ಕಳಲ್ಲಿ ಸುಧಾರಣೆಯನ್ನೂ ಕಂಡರು. ಇದು 2012ರಲ್ಲಿ ಪ್ರಕಟವಾದ ಅಧ್ಯಯನ. ಅರ್ಧ ಗಂಟೆಯೂ ಲೆಕ್ಕಕ್ಕೆ ಬರುತ್ತದೆಂಬುದು ನನಗೆ ಇದರಲ್ಲಿ ಬಹಳ ಮುಖ್ಯವೆನಿಸುವ ಅಂಶ.

ಮೂರನೆಯದು ಮಾತ್ರೆಯ ಹೊತ್ತು. ಸಾಮಾನ್ಯ ಮೀಥೈಲ್‌ಫೆನಿಡೇಟ್ ಸುಮಾರು ನಾಲ್ಕು ಗಂಟೆ ಕೆಲಸ ಮಾಡುತ್ತದೆ. ನಿಧಾನವಾಗಿ ಬಿಡುಗಡೆಯಾಗುವ ಬಗೆಗಳಲ್ಲಿ ಕೆಲವು ಹನ್ನೆರಡು ಗಂಟೆಯವರೆಗೂ ಇರುತ್ತವೆ. 4:30ರ ಮಾತ್ರೆಯ ಪರಿಣಾಮ ಎಂಟೂವರೆಯ ಸುಮಾರಿಗೆ ಇಳಿಯುತ್ತದೆ. ಇಳಿಯುವ ಹೊತ್ತಿನಲ್ಲಿ ಕೆಲವು ಮಕ್ಕಳ ಚಡಪಡಿಕೆ ಇದ್ದಕ್ಕಿದ್ದಂತೆ ಏರುತ್ತದೆ. ಹಗಲೆಲ್ಲ ಇಲ್ಲದ ಹಸಿವು ಆಗಲೇ ಬಂದು, ಒಂಬತ್ತಕ್ಕೆ ಹೊಟ್ಟೆ ತುಂಬ ಊಟ ಮಾಡಿ ಒಂಬತ್ತೂವರೆಗೆ ಮಲಗಬೇಕಾಗುತ್ತದೆ. ಹೀಗಿರುವಾಗ ಟ್ಯೂಷನ್‌ಗಾಗಿಯೇ ಕೊಡುವ ಎರಡನೆಯ ಮಾತ್ರೆ ಬೇಕೇ, ಅದನ್ನು ಮಧ್ಯಾಹ್ನಕ್ಕೆ ತರಬಹುದೇ ಎಂದು ನಿಮ್ಮ ವೈದ್ಯರನ್ನು ಕೇಳುವುದು ನ್ಯಾಯವಾದ ಪ್ರಶ್ನೆ. ಟ್ಯೂಷನ್ನೇ ಬೇಕೇ ಎಂಬುದನ್ನೂ ಯೋಚಿಸಿ. ಒಂಬತ್ತು ವರ್ಷದ ಮಗುವಿಗೆ ಸಂಜೆಯ ಹೊತ್ತು ಆಡಲು ಸಿಗಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಡೋಸನ್ನು ನೀವಾಗಿಯೇ ಬದಲಾಯಿಸಬೇಡಿ. ಭೇಟಿಗೆ ಒಂದೂವರೆ ತಿಂಗಳಿದ್ದರೂ ಇಷ್ಟನ್ನು ಫೋನಿನಲ್ಲಿ ಕೇಳಲು ಸಂಕೋಚ ಬೇಡ.

ಮೆಲಟೋನಿನ್ ಬಗ್ಗೆ ಕೇಳಿದ್ದೀರಿ. ಅದು ನಿದ್ದೆಮಾತ್ರೆಯಂತೆ ಕೆಡವುವುದಿಲ್ಲ, ಗಡಿಯಾರಕ್ಕೆ ಸೂಚನೆ ಕೊಡುತ್ತದೆ. 2007ರಲ್ಲಿ ಪ್ರಕಟವಾದ, 105 ಮಕ್ಕಳ ಮೇಲೆ ನಡೆದ ನೆದರ್‌ಲ್ಯಾಂಡ್ಸ್‌ನ ಪ್ರಯೋಗದಲ್ಲಿ ಮೆಲಟೋನಿನ್ ತೆಗೆದುಕೊಂಡ ಮಕ್ಕಳು ಸುಮಾರು 27 ನಿಮಿಷ ಬೇಗ ನಿದ್ದೆಹೋದರು. ಆದರೆ ಹಗಲಿನ ವರ್ತನೆಯಲ್ಲಾಗಲಿ ಕಲಿಕೆಯ ಪರೀಕ್ಷೆಗಳಲ್ಲಾಗಲಿ ಆ ನಾಲ್ಕು ವಾರಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಗಡಿಯಾರ ತಡವಾಗಿರುವ ಮಗುವಿಗೆ ಅದು ಉಪಯುಕ್ತ. ಗೊರಕೆಯಿಂದ ನಿದ್ದೆ ಕೆಟ್ಟ ಮಗುವಿಗೆ ಅದರಿಂದ ಆಗುವ ಲಾಭ ಏನೂ ಇಲ್ಲ, ರೋಗ ಪತ್ತೆಯಾಗುವುದು ತಡವಾಗುತ್ತದೆ ಅಷ್ಟೇ. ಹೊತ್ತು ಮತ್ತು ಪ್ರಮಾಣ ಎರಡನ್ನೂ ವೈದ್ಯರೇ ನಿರ್ಧರಿಸಲಿ.

ಈಗ ಮಾಡಬೇಕಾದ ಕೆಲಸ: ಎರಡು ವಾರ ಒಂದು ಪುಸ್ತಕದಲ್ಲಿ ದಿನವೂ ಬರೆದಿಡಿ. ದೀಪ ಆರಿಸಿದ್ದು, ನಿದ್ದೆ ಹತ್ತಿದ್ದು, ಮಧ್ಯೆ ಎದ್ದದ್ದು, ಬೆಳಿಗ್ಗೆ ಎದ್ದದ್ದು, ಮಾತ್ರೆ ಕೊಟ್ಟದ್ದು, ರಾತ್ರಿಯ ಊಟ ಮಾಡಿದ್ದು, ಈ ಆರರ ಹೊತ್ತು ಸಾಕು. ಭಾನುವಾರವನ್ನು ಬಿಡಬೇಡಿ. ನಿದ್ದೆಹತ್ತಿ ಎರಡು ಮೂರು ಗಂಟೆಯಾದ ಮೇಲೆ ಒಮ್ಮೆ ಅವನ ಪಕ್ಕ ಕುಳಿತು ಉಸಿರಾಟವನ್ನು ಕೇಳಿ. ಸಾಧ್ಯವಾದರೆ ಮೊಬೈಲಿನಲ್ಲಿ ಎರಡು ನಿಮಿಷ ಚಿತ್ರೀಕರಿಸಿ.

ಉತ್ತರ 2
ಕಾಲುವೆದಂಡೆ, ಆಮ್‌ಸ್ಟಲ್‌ವೇನ್

ಡಾಕ್ಟರು ಬರೆದ ಮೊದಲನೆಯ ಬಗೆಯವನು ನಾನು. ಮೂಲತಃ ಹಾಸನದವನು, ಕೆಲಸದ ನಿಮಿತ್ತ ನೆದರ್‌ಲ್ಯಾಂಡ್ಸ್‌ನಲ್ಲಿದ್ದೇನೆ. ನನಗೆ ಎಡಿಎಚ್‌ಡಿ ಇದೆಯೆಂದು ತಿಳಿದದ್ದು ಮೂವತ್ತು ದಾಟಿದ ಮೇಲೆ. ಚಿಕ್ಕಂದಿನಿಂದಲೂ ಮಧ್ಯರಾತ್ರಿಗೆ ಮುನ್ನ ನಿದ್ದೆ ಬಂದದ್ದೇ ಇಲ್ಲ. ಮನೆಯಲ್ಲಿ ನನ್ನನ್ನು ಗೂಬೆಯೆಂದು ಕರೆಯುತ್ತಿದ್ದರು. ಹಾಸ್ಟೆಲ್‌ನಲ್ಲಿ ಬೆಳಗಿನ ತಿಂಡಿ ಕಂಡದ್ದು ಅಪರೂಪ. ಅದು ಸೋಮಾರಿತನವೆಂದು ಎಲ್ಲರೂ ಹೇಳಿದ್ದರಿಂದ ನಾನೂ ಹಾಗೆಯೇ ನಂಬಿದ್ದೆ. ಆದ್ದರಿಂದ ನಿಮ್ಮ ಮಗನ ವಿಷಯ ಓದಿದಾಗ ಬರೆಯದಿರಲು ಆಗಲಿಲ್ಲ.

ಈ ದೇಶದಲ್ಲಿ ಎಡಿಎಚ್‌ಡಿ ಮತ್ತು ನಿದ್ದೆಯ ಸಂಶೋಧನೆ ಬಹಳ ನಡೆದಿದೆ. ಹೇಗ್ ನಗರದ ಮನೋವೈದ್ಯೆ ಸಾಂಡ್ರಾ ಕೋಯ್ ಮತ್ತು ಅವರ ಸಹೋದ್ಯೋಗಿಗಳು ವಯಸ್ಕರ ಎಡಿಎಚ್‌ಡಿಯ ಬಗ್ಗೆ ದೀರ್ಘಕಾಲದಿಂದ ಕೆಲಸ ಮಾಡುತ್ತಿದ್ದಾರೆ. ಸಂಜೆ ಮಂದ ಬೆಳಕಿನಲ್ಲಿ ಕುಳಿತು ಗಂಟೆಗೊಮ್ಮೆ ಎಂಜಲಿನ ಮಾದರಿ ಕೊಟ್ಟರೆ ಮೆಲಟೋನಿನ್ ಯಾವಾಗ ಏರತೊಡಗುತ್ತದೆಂದು ಅಳೆಯಬಹುದು. ನಿದ್ದೆ ಹತ್ತದ ಎಡಿಎಚ್‌ಡಿ ವಯಸ್ಕರಲ್ಲಿ ಈ ಏರಿಕೆ ಉಳಿದವರಿಗಿಂತ ಒಂದೂವರೆ ಗಂಟೆಗೂ ಹೆಚ್ಚು ತಡವೆಂದು 2010ರಲ್ಲಿಯೇ ಇಲ್ಲಿ ಕಂಡುಕೊಂಡಿದ್ದರು. 2021ರಲ್ಲಿ ಪ್ರಕಟವಾದ ಇವರ ಪ್ರಯೋಗದಲ್ಲಿ ಕೇವಲ ಅರ್ಧ ಮಿಲಿಗ್ರಾಂ ಮೆಲಟೋನಿನ್ ಆ ಏರಿಕೆಯನ್ನು ಸುಮಾರು ಒಂದೂವರೆ ಗಂಟೆ ಮುಂಚಿತವಾಗಿಸಿತು, ಎಡಿಎಚ್‌ಡಿಯ ಲಕ್ಷಣಗಳೂ 14 ಶೇಕಡಾದಷ್ಟು ಇಳಿದವು. ಆದರೆ ಚಿಕಿತ್ಸೆ ನಿಲ್ಲಿಸಿದ ಎರಡು ವಾರಗಳಲ್ಲಿ ಗಡಿಯಾರ ಮೊದಲಿನ ಜಾಗಕ್ಕೇ ಮರಳಿತು. ನಿದ್ದೆ ಸರಿಹೋದರೆ ಎಡಿಎಚ್‌ಡಿ ಕಡಿಮೆಯಾಗುತ್ತದೆಯೇ ಎಂದು ಕೇಳಿದ್ದೀರಲ್ಲ, ಸ್ವಲ್ಪ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ ಎಂಬುದೇ ಇದರಿಂದ ನನಗೆ ತಿಳಿದ ಉತ್ತರ.

ನನಗೆ ಹೆಚ್ಚು ಉಪಯೋಗವಾದದ್ದು ಬೆಳಗಿನ ಬೆಳಕು. ಇಲ್ಲಿ ಡಿಸೆಂಬರ್‌ನಲ್ಲಿ ಸೂರ್ಯ ಹುಟ್ಟುವಾಗಲೇ ಎಂಟೂಮುಕ್ಕಾಲು. ಆಗ 10,000 ಲಕ್ಸ್ ಬೆಳಕಿನ ದೀಪವೊಂದನ್ನು ಮೇಜಿನ ಮೇಲಿಟ್ಟುಕೊಂಡು ಅರ್ಧ ಗಂಟೆ ಅದರ ಮುಂದೆ ಕುಳಿತು ತಿಂಡಿ ತಿನ್ನುತ್ತೇನೆ. ಕರ್ನಾಟಕದಲ್ಲಿ ವರ್ಷದ ಯಾವ ತಿಂಗಳಲ್ಲೂ ಏಳು ಗಂಟೆಯ ಆಸುಪಾಸಿಗೆ ಸೂರ್ಯ ಮೇಲೆ ಬಂದಿರುತ್ತಾನೆ. ನಾನು ಹಣ ಕೊಟ್ಟು ಕೊಂಡ ಬೆಳಕು ನಿಮ್ಮ ತಾರಸಿಯ ಮೇಲೆ ಬಿಟ್ಟಿಯಾಗಿ ಬಿದ್ದಿರುತ್ತದೆ. ಮಗನನ್ನು ಎಬ್ಬಿಸಿದ ಕೂಡಲೇ ಮನೆಯೊಳಗಿನ ಮಂಕು ಬೆಳಕಿನಲ್ಲಿ ಕೂರಿಸುವ ಬದಲು, ತಟ್ಟೆಯ ಸಮೇತ ಹೊರಗೆ ಕೂರಿಸಿ ತಿನ್ನಿಸಿ ನೋಡಿ. ಏಳುವ ಹೊತ್ತಿಗೆ ಬೆಳಕು ಕಣ್ಣಿಗೆ ಬಿದ್ದರೆ ಗಡಿಯಾರ ಮುಂದಿನ ರಾತ್ರಿಗೆ ಸ್ವಲ್ಪ ಬೇಗನೆ ಬರುತ್ತದೆ. ರಾತ್ರಿ ಬಿದ್ದರೆ ಇನ್ನಷ್ಟು ತಡವಾಗುತ್ತದೆ. ಊಟದ ನಂತರ ಟ್ಯೂಬ್‌ಲೈಟ್ ಆರಿಸಿ ಮಂದವಾದ ಹಳದಿ ದೀಪ ಹಾಕುವುದೂ ಇದೇ ಕಾರಣಕ್ಕೆ; ಮಕ್ಕಳ ಕಣ್ಣು ಸಂಜೆಯ ಬೆಳಕಿಗೆ ನಮಗಿಂತ ಹೆಚ್ಚು ಸ್ಪಂದಿಸುತ್ತದೆ. ಭಾನುವಾರ ಹತ್ತು ಗಂಟೆಯವರೆಗೆ ಮಲಗಲು ಬಿಟ್ಟರೆ ವಾರವಿಡೀ ಪಟ್ಟ ಶ್ರಮ ಒಂದೇ ದಿನದಲ್ಲಿ ಹೋಗುತ್ತದೆ. ಒಂದು ಗಂಟೆಗಿಂತ ಹೆಚ್ಚು ಅಂತರ ಬೇಡ.

ಇನ್ನೊಂದು ಮಾತು, ಇದನ್ನು ನಾನು ಒಳಗಿನಿಂದ ಬಲ್ಲೆ. ದೀಪ ಆರಿದ ಮೇಲೆ ಹೊರಗಿನ ಸದ್ದೆಲ್ಲ ನಿಂತಾಗ ನಮ್ಮಂಥವರ ತಲೆಯೊಳಗಿನ ಯೋಚನೆಗಳಿಗೆ ತಡೆಯೇ ಇರುವುದಿಲ್ಲ. ಫ್ಯಾನಿನ ರೆಕ್ಕೆಯ ಪ್ರಶ್ನೆ ಅಲ್ಲಿಂದಲೇ ಬರುತ್ತದೆ. 'ಸುಮ್ಮನೆ ಮಲಗು' ಎಂದು ಗದರಿಸುವುದಕ್ಕಿಂತ, ಸಣ್ಣ ದನಿಯಲ್ಲಿ ಅವನಿಗೆ ಗೊತ್ತಿರುವ ಹಳೆಯ ಕಥೆಯೊಂದನ್ನೇ ದಿನವೂ ಹೇಳಿ. ಹೊಸ ಕಥೆ ಬೇಡ, ಹೊಸದಾದರೆ ಕುತೂಹಲ ಕೆರಳುತ್ತದೆ.

ಉತ್ತರ 3
ಸೀತಾಳೆ, ತೀರ್ಥಹಳ್ಳಿ

ಅಕ್ಕಾ, ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ, ಎಡಿಎಚ್‌ಡಿ ಇರುವ ಹನ್ನೊಂದು ವರ್ಷದ ಮಗಳ ತಾಯಿಯೂ ಹೌದು. ನಿಮ್ಮ ಮಗ ಹೊದಿಕೆ ಒದೆಯುತ್ತಾನೆ, ತಲೆ ಕಾಲಿನ ದಿಕ್ಕು ಬದಲಿಸುತ್ತಾನೆ ಎಂದು ಬರೆದಿದ್ದೀರಿ. ಅವನಿಗೆ ಕಾಲಿನಲ್ಲಿ ಏನಾದರೂ ಆಗುತ್ತದೆಯೇ ಎಂದು ಒಮ್ಮೆ ಸಮಾಧಾನವಾಗಿ ಕೇಳಿ ನೋಡಿ. ನನ್ನ ಮಗಳು ಮಲಗಿದ ಕೂಡಲೇ ಕಾಲು ಒತ್ತು ಎನ್ನುತ್ತಿದ್ದಳು. ನೋವೇ ಎಂದರೆ ಅಲ್ಲ, ಒಳಗಡೆ ಎಳೆದ ಹಾಗೆ, ಜುಮ್ಮೆಂದ ಹಾಗೆ ಎನ್ನುತ್ತಿದ್ದಳು. ಎದ್ದು ನಾಲ್ಕು ಹೆಜ್ಜೆ ನಡೆದರೆ ಸರಿಹೋಗುತ್ತಿತ್ತು, ಮಲಗಿದರೆ ಮತ್ತೆ ಅದೇ. ಬೆಳೆಯುವ ಮಕ್ಕಳಿಗೆ ಕಾಲುನೋವು ಸಹಜವೆಂದು ಊರಿನಲ್ಲಿ ಎಲ್ಲರೂ ಹೇಳಿದರು. ಶಿವಮೊಗ್ಗದಲ್ಲಿ ನೋಡಿದ ವೈದ್ಯರು ಇದಕ್ಕೆ ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್ ಎನ್ನುತ್ತಾರೆ, ಎಡಿಎಚ್‌ಡಿ ಇರುವವರಲ್ಲಿ ಇದು ಹೆಚ್ಚು ಎಂದು ವಿವರಿಸಿ, ರಕ್ತದಲ್ಲಿ ಫೆರಿಟಿನ್ ಪರೀಕ್ಷೆ ಮಾಡಿಸಿದರು.

ಹಿಮೋಗ್ಲೋಬಿನ್ ಸರಿಯಾಗಿಯೇ ಇತ್ತು. ಫೆರಿಟಿನ್ ಮಾತ್ರ ಬಹಳ ಕಡಿಮೆ ಇತ್ತು. ದೇಹದಲ್ಲಿ ದಾಸ್ತಾನಾಗಿರುವ ಕಬ್ಬಿಣಾಂಶವನ್ನು ಇದು ತೋರಿಸುತ್ತದೆಯಂತೆ. ರಕ್ತಹೀನತೆ ಇಲ್ಲದವರಲ್ಲೂ ದಾಸ್ತಾನು ಬರಿದಾಗಿರಬಹುದು. ಮಿದುಳಿನಲ್ಲಿ ಸಂದೇಶ ಒಯ್ಯುವ ಡೋಪಮಿನ್ ಎಂಬ ರಾಸಾಯನಿಕ ತಯಾರಾಗಲು ಕಬ್ಬಿಣ ಬೇಕು, ಎಡಿಎಚ್‌ಡಿಯೂ ಈ ಕಾಲಿನ ತೊಂದರೆಯೂ ಎರಡೂ ಡೋಪಮಿನ್‌ಗೆ ಸಂಬಂಧಿಸಿದವು ಎಂದು ಅವರು ಹೇಳಿದ್ದು ನೆನಪಿದೆ. ಕಾಲಿನ ಈ ತೊಂದರೆ ಇರುವ ಮಕ್ಕಳಲ್ಲಿ ಫೆರಿಟಿನ್ 50ಕ್ಕಿಂತ ಕೆಳಗಿದ್ದರೆ ಕಬ್ಬಿಣದ ಔಷಧ ಕೊಡುತ್ತಾರೆ. ಕೆಲವು ತಿಂಗಳು ಕೊಟ್ಟ ಮೇಲೆ ಅವಳ ರಾತ್ರಿಗಳು ಬಹಳ ಹಗುರಾದವು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ 67 ಶೇಕಡಾ ಮಕ್ಕಳಿಗೆ ರಕ್ತಹೀನತೆ ಇದೆ. ಇಂತಹ ದೇಶದಲ್ಲಿ ನಿದ್ದೆಗೆಟ್ಟ ಎಡಿಎಚ್‌ಡಿ ಮಗುವಿಗೆ ಈ ಒಂದು ರಕ್ತಪರೀಕ್ಷೆಯನ್ನು ಬಿಡಬಾರದೆಂದು ನನಗೆ ಬಲವಾಗಿ ಅನಿಸುತ್ತದೆ. ಆದರೆ ಪರೀಕ್ಷೆಯಿಲ್ಲದೆ ಕಬ್ಬಿಣದ ಸಿರಪ್ ಕೊಡಬೇಡಿ, ಹೆಚ್ಚಾದರೂ ಅಪಾಯ. ನಮ್ಮ ಕಡೆ ಮಕ್ಕಳಿಗೂ ಊಟದ ಜೊತೆ ಚಹಾ ಕಾಫಿ ಕೊಡುವ ರೂಢಿಯಿದೆ. ಅದು ಕಬ್ಬಿಣಾಂಶ ಹೀರುವುದನ್ನು ತಡೆಯುತ್ತದೆ, ಸಂಜೆಯಾದರೆ ನಿದ್ದೆಯನ್ನೂ ಕೆಡಿಸುತ್ತದೆ. ನುಗ್ಗೆಸೊಪ್ಪಿನ ಪಲ್ಯಕ್ಕೆ ನಿಂಬೆ ಹಿಂಡಿ ಕೊಡುವುದು ಒಳ್ಳೆಯದು.

ಶಿಕ್ಷಕಿಯಾಗಿ ಒಂದು ಮಾತು. ಮೊದಲ ಪೀರಿಯಡ್‌ನಲ್ಲಿ ಮಂಕಾಗಿ, ಮೂರನೆಯ ಪೀರಿಯಡ್‌ನಲ್ಲಿ ಮೇಲೆ ಕೆಳಗೆ ಹಾರುವ ಮಗುವನ್ನು ಕಂಡರೆ ರಾತ್ರಿ ಎಷ್ಟು ಹೊತ್ತು ಮಲಗಿತು ಎಂದು ನಾನು ಈಗ ಕೇಳುತ್ತೇನೆ. ನಿಮ್ಮ ಮಗನ ತರಗತಿ ಶಿಕ್ಷಕಿಗೂ ಒಂದು ಚೀಟಿ ಬರೆದು ತಿಳಿಸಿ. ನೀವೂ ನಿದ್ದೆಯಿಲ್ಲದೆ ಸೋತಿದ್ದೀರಿ ಎಂದು ನಿಮ್ಮ ಬರಹದಿಂದಲೇ ತಿಳಿಯುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡುತ್ತಾರೆ, ಶುಲ್ಕವಿಲ್ಲ.

ಮರುಬರಹ
ಹೊಂಗೆನೆರಳು, ತುಮಕೂರು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ನೀವು ಹೇಳಿದಂತೆ ಪುಸ್ತಕದಲ್ಲಿ ಬರೆದಿಡುತ್ತಿದ್ದೇನೆ. ಡಾಕ್ಟರೇ, ಅವನು ಮೂರು ವರ್ಷದವನಿದ್ದಾಗಿನಿಂದಲೂ ತಡವಾಗಿಯೇ ಮಲಗುತ್ತಿದ್ದ. ಮಾತ್ರೆಗಿಂತ ಬಹಳ ಮೊದಲಿನ ಸಂಗತಿ ಇದು. ಇದನ್ನು ಕೇಳಿದ ಮೇಲೆ ಯಜಮಾನರೂ ಮಾತ್ರೆ ನಿಲ್ಲಿಸುವ ಮಾತನ್ನು ಬಿಟ್ಟಿದ್ದಾರೆ. ಕಾಲಿನ ಬಗ್ಗೆ ಕೇಳಿದೆ, ಏನೂ ಆಗುವುದಿಲ್ಲ, ಹೊದಿಕೆ ಸೆಕೆಯಾಗುತ್ತದೆ ಅಷ್ಟೇ ಎಂದ.

ಆದರೆ ರಾತ್ರಿ ಒಂದೂವರೆಗೆ ಯಜಮಾನರು ಅವನ ಪಕ್ಕ ಕುಳಿತು ಚಿತ್ರೀಕರಿಸಿದ್ದನ್ನು ನೋಡಿ ಗಾಬರಿಯಾಯಿತು. ಬಾಯಿ ಪೂರ್ತಿ ತೆರೆದಿದೆ, ಗೊರಕೆ ಸಣ್ಣಗೆ ನಡೆಯುತ್ತಿದೆ, ಮಧ್ಯೆ ಕೆಲವು ಕ್ಷಣ ಸದ್ದೇ ಇಲ್ಲ, ಎದೆ ಮಾತ್ರ ಏಳುತ್ತಿದೆ. ಆಮೇಲೆ ಒಮ್ಮೆ ಬುಸ್ಸೆಂದು ಉಸಿರೆಳೆದು ಮಗ್ಗುಲು ಬದಲಿಸುತ್ತಾನೆ. ತಲೆದಿಂಬು ಬೆವರಿನಿಂದ ಒದ್ದೆಯಾಗಿತ್ತು. ಅವನಿಗೆ ಶೀತ ಆಗಾಗ ಬರುವುದರಿಂದ ಮೂಗು ಕಟ್ಟಿದೆಯೆಂದೇ ತಿಳಿದಿದ್ದೆವು. ಹಾಗಾದರೆ ಇದುವರೆಗೂ ಎಡಿಎಚ್‌ಡಿ ಎಂದು ಹೇಳಿದ್ದೇ ತಪ್ಪೇ? ಟಾನ್ಸಿಲ್ ತೆಗೆಸಿದರೆ ಎಲ್ಲವೂ ಸರಿಹೋಗುತ್ತದೆಯೇ?

ಉತ್ತರ 4
ಮಕ್ಕಳ ವೈದ್ಯ, ದಾವಣಗೆರೆ

ಮೇಡಂ, ನೀವು ಬರೆದದ್ದನ್ನು ಓದಿದರೆ ನಿದ್ದೆಯಲ್ಲಿ ಉಸಿರಿಗೆ ತಡೆಯಾಗುತ್ತಿರುವ ಸಾಧ್ಯತೆ ಗಟ್ಟಿಯಾಗಿದೆ. ಎದೆ ಏಳುತ್ತಿದ್ದರೂ ಸದ್ದಿಲ್ಲದಿರುವುದು ಮುಖ್ಯ ವಿವರ. ಉಸಿರಾಡುವ ಪ್ರಯತ್ನ ನಡೆದಿದೆ, ಗಾಳಿ ಒಳಗೆ ಹೋಗುತ್ತಿಲ್ಲ ಎಂಬುದು ಅದರ ಅರ್ಥ. ಮನೋವೈದ್ಯರ ಭೇಟಿಗಾಗಿ ಕಾಯದೆ ಈ ವಾರವೇ ಇ.ಎನ್.ಟಿ. ವೈದ್ಯರಿಗೆ ಆ ಚಿತ್ರೀಕರಣವನ್ನು ತೋರಿಸಿ. ಅವರು ಟಾನ್ಸಿಲ್ ನೋಡುತ್ತಾರೆ, ಅಡಿನಾಯ್ಡ್‌ಗಾಗಿ ಪಕ್ಕದಿಂದ ಎಕ್ಸ್‌ರೇ ತೆಗೆಸಬಹುದು ಅಥವಾ ಮೂಗಿನ ಮೂಲಕ ಸಣ್ಣ ನಳಿಕೆ ಹಾಕಿ ನೋಡಬಹುದು. ಅಲರ್ಜಿಯಿಂದ ಮೂಗು ಕಟ್ಟುತ್ತಿದ್ದರೆ ಮೂಗಿಗೆ ಹಾಕುವ ಔಷಧದಿಂದಲೇ ಕೆಲವು ಮಕ್ಕಳಿಗೆ ಸಾಕಷ್ಟು ಕಡಿಮೆಯಾಗುತ್ತದೆ. ತಡೆ ಎಷ್ಟು ತೀವ್ರ ಎಂಬುದನ್ನು ಖಚಿತಪಡಿಸಲು ರಾತ್ರಿಯಿಡೀ ನಡೆಸುವ ನಿದ್ರಾ ಪರೀಕ್ಷೆ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಂತಹ ಸಂಸ್ಥೆಗಳಲ್ಲಿ ಅದರ ವ್ಯವಸ್ಥೆಯಿದೆ.

ಎಡಿಎಚ್‌ಡಿ ಎಂದದ್ದು ತಪ್ಪೇ ಎಂಬ ಪ್ರಶ್ನೆಗೆ ಈಗಲೇ ಹೌದೆನ್ನಲು ಆಧಾರವಿಲ್ಲ. ಉಸಿರಿನ ತಡೆ ಸಾಮಾನ್ಯವಾಗಿ ನಿದ್ದೆಯನ್ನು ಮಧ್ಯೆ ಮಧ್ಯೆ ಮುರಿಯುತ್ತದೆ. ಹನ್ನೊಂದೂವರೆಯವರೆಗೂ ನಿದ್ದೆಯೇ ಹತ್ತದಿರುವುದನ್ನು ಅದೊಂದೇ ವಿವರಿಸುವುದಿಲ್ಲ. ಮೂರನೆಯ ವರ್ಷದಿಂದ ಇರುವ ತಡ, ಮಾತ್ರೆಗೆ ತರಗತಿಯಲ್ಲಿ ಸಿಕ್ಕಿರುವ ಫಲ, ಇವನ್ನು ನೋಡಿದರೆ ಎಡಿಎಚ್‌ಡಿಯೂ ತಡವಾದ ಗಡಿಯಾರವೂ ಉಸಿರಿನ ತಡೆಯೂ ಮೂರೂ ಒಟ್ಟಿಗೆ ಇರುವಂತೆ ನನಗೆ ಕಾಣುತ್ತದೆ. ಕೊನೆಯ ಮಾತನ್ನು ಅವನನ್ನು ಕಣ್ಣಾರೆ ನೋಡಿದವರೇ ಹೇಳಬೇಕು.

ಶಸ್ತ್ರಚಿಕಿತ್ಸೆಯಿಂದ ಏನನ್ನು ನಿರೀಕ್ಷಿಸಬಹುದು ಎಂಬುದಕ್ಕೆ ಅಮೆರಿಕದಲ್ಲಿ 5ರಿಂದ 9 ವರ್ಷದ 464 ಮಕ್ಕಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗವೇ ಒಳ್ಳೆಯ ಆಧಾರ. ಉಸಿರಿನ ತಡೆಯಿದ್ದ ಈ ಮಕ್ಕಳಲ್ಲಿ ಅರ್ಧದಷ್ಟು ಜನರಿಗೆ ಬೇಗನೆ ಟಾನ್ಸಿಲ್ ಮತ್ತು ಅಡಿನಾಯ್ಡ್ ತೆಗೆದರು, ಉಳಿದವರನ್ನು ಕಾದು ನೋಡಿದರು. ಏಳು ತಿಂಗಳ ನಂತರ ನಿದ್ರಾ ಪರೀಕ್ಷೆ ಸಹಜ ಸ್ಥಿತಿಗೆ ಬಂದದ್ದು ಶಸ್ತ್ರಚಿಕಿತ್ಸೆಯಾದವರಲ್ಲಿ 79 ಶೇಕಡಾ, ಆಗದವರಲ್ಲಿ 46 ಶೇಕಡಾ. ಮಕ್ಕಳ ವರ್ತನೆ ಸುಧಾರಿಸಿತೆಂದು ಪೋಷಕರು ಹೇಳಿದರು. ಆದರೆ ಗಮನವನ್ನು ಅಳೆಯುವ ಪರೀಕ್ಷೆಗಳಲ್ಲಿ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಬರಲಿಲ್ಲ. ಕಾದು ನೋಡಿದವರಲ್ಲೂ ಅರ್ಧದಷ್ಟು ಮಕ್ಕಳು ತಾವಾಗಿಯೇ ಸುಧಾರಿಸಿದ್ದನ್ನು ಗಮನಿಸಿ. ತಡೆ ಅಷ್ಟೇನೂ ತೀವ್ರವಲ್ಲದಿದ್ದರೆ ಶಸ್ತ್ರಚಿಕಿತ್ಸೆಗೆ ಅವಸರಪಡಬೇಕಾಗಿಲ್ಲ, ತೀವ್ರವಾಗಿದ್ದರೆ ಮುಂದೂಡಲೂ ಬಾರದು. ಉಸಿರು ಸರಾಗವಾಗಲಿ, ಅವನ ಹೃದಯಕ್ಕೂ ಬೆಳವಣಿಗೆಗೂ ಅದು ಬೇಕು ಎಂಬ ಕಾರಣಕ್ಕೆ ಚಿಕಿತ್ಸೆ ಮಾಡಿಸಿ. ಎಡಿಎಚ್‌ಡಿ ಮಾಯವಾಗಲೆಂಬ ನಿರೀಕ್ಷೆಯಿಂದ ಬೇಡ. ಮೀಥೈಲ್‌ಫೆನಿಡೇಟ್ ಈಗಿನಂತೆಯೇ ಮುಂದುವರಿಯಲಿ, ಶಸ್ತ್ರಚಿಕಿತ್ಸೆ ನಿಗದಿಯಾದರೆ ಅರಿವಳಿಕೆ ತಜ್ಞರಿಗೆ ಅದರ ಹೆಸರು, ಪ್ರಮಾಣ ಎರಡನ್ನೂ ತಪ್ಪದೆ ತಿಳಿಸಿ.

ಗಡಿಯಾರದ ಕೆಲಸವನ್ನು ಇದರ ಜೊತೆಯಲ್ಲಿಯೇ ಆರಂಭಿಸಬಹುದು. ಆಮ್‌ಸ್ಟಲ್‌ವೇನ್‌ನವರು ಹೇಳಿದ ಬೆಳಗಿನ ಬೆಳಕಿಗೆ ಒಂದನ್ನು ಸೇರಿಸುತ್ತೇನೆ. ಕೆಲವು ದಿನ ಅವನನ್ನು 9:30ರ ಬದಲು 11ಕ್ಕೆ ಹಾಸಿಗೆಗೆ ಕಳುಹಿಸಿ, ಅಲ್ಲಿಯವರೆಗೆ ಮಂದ ಬೆಳಕಿನಲ್ಲಿ ಚಿತ್ರ ಬರೆಯುವುದೋ ಜೋಡಿಸುವ ಆಟವೋ ನಡೆಯಲಿ, ಮೊಬೈಲು ಮತ್ತು ಟಿ.ವಿ. ಬೇಡ. ಹಾಸಿಗೆಗೆ ಹೋದ ಹದಿನೈದು ಇಪ್ಪತ್ತು ನಿಮಿಷದಲ್ಲಿ ನಿದ್ದೆ ಹತ್ತುವುದು ರೂಢಿಯಾದ ಮೇಲೆ ಮೂರು ನಾಲ್ಕು ದಿನಕ್ಕೊಮ್ಮೆ ಕಾಲು ಗಂಟೆ ಹಿಂದಕ್ಕೆ ತನ್ನಿ, ಶಾಲೆಯ ದಿನಗಳಲ್ಲಿ ಏಳುವ ಹೊತ್ತು ಬದಲಾಗಬಾರದು. ಒಂಬತ್ತು ವರ್ಷದವನಿಗೆ ಕನಿಷ್ಠ ಒಂಬತ್ತು ಗಂಟೆ ನಿದ್ದೆ ಬೇಕಾದ್ದರಿಂದ ಇದನ್ನು ರಜೆಯ ಆರಂಭದಲ್ಲಿ ಮಾಡಿದರೆ, ಎಬ್ಬಿಸುವ ಹೊತ್ತನ್ನು ಮೊದಲ ವಾರ ಎಂಟೂವರೆಗೆ ಇಟ್ಟುಕೊಂಡು ಆಮೇಲೆ ಮಲಗುವ ಹೊತ್ತಿನೊಂದಿಗೇ ಹಿಂದಕ್ಕೆ ತರಬಹುದು. ಮೆಲ್ಬರ್ನ್‌ನಲ್ಲಿ 244 ಎಡಿಎಚ್‌ಡಿ ಮಕ್ಕಳ ಪೋಷಕರಲ್ಲಿ ಕೆಲವರಿಗೆ ಇಂತಹ ಸರಳ ಕ್ರಮಗಳನ್ನು ಒಂದೆರಡು ಭೇಟಿಗಳಲ್ಲಿ ಹೇಳಿಕೊಟ್ಟಾಗ ಆ ಮಕ್ಕಳ ನಿದ್ದೆ ಮಾತ್ರವಲ್ಲ, ಎಡಿಎಚ್‌ಡಿಯ ಲಕ್ಷಣಗಳೂ ಸ್ವಲ್ಪ ಮಟ್ಟಿಗೆ ಸುಧಾರಿಸಿದವು ಎಂದು 2015ರಲ್ಲಿ ವರದಿಯಾಯಿತು.

ಫೆರಿಟಿನ್ ಪರೀಕ್ಷೆಯನ್ನು ಸೀತಾಳೆಯವರು ಸರಿಯಾಗಿಯೇ ಸೂಚಿಸಿದ್ದಾರೆ, ಕಾಲಿನ ದೂರು ಇಲ್ಲದಿದ್ದರೂ ಮಾಡಿಸಿ. ಆದರೆ ಶೀತ ಜ್ವರ ಇರುವಾಗ ಬೇಡ. ಸೋಂಕಿದ್ದರೆ ಫೆರಿಟಿನ್ ತಾನಾಗಿಯೇ ಏರಿ, ಕೊರತೆ ಇದ್ದರೂ ಕಾಣದೆ ಹೋಗುತ್ತದೆ. ಇ.ಎನ್.ಟಿ. ವೈದ್ಯರು ಏನು ಹೇಳಿದರೆಂದು ಇಲ್ಲಿ ಬರೆಯಿರಿ, ಮುಂದಿನದನ್ನು ಅದನ್ನು ನೋಡಿ ಹೇಳುತ್ತೇನೆ.